ಕಳಿಸು, ಅಳಿಸು

ಮಾರ್ಚ್ ೧೪, ಮಧ್ಯಾಹ್ನ

ನನ್ನ ಚಿನ್ನದಂಥ ಮಗಳೇ,

ಫೋನಿನಲ್ಲಿ ಹೇಳಲು ಬಾಯೇ ಬರಲಿಲ್ಲ, ಅದಕ್ಕೇ ಈ ಕಾಗದ. ವಯಸ್ಸಾದವರಿಗೆಂದು ನೀನು ಮಾಡುತ್ತಿರುವ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟು, ಎಲ್ಲೆಲ್ಲಿ ಎಡವುತ್ತೀಯೋ ಬರೆದು ತಿಳಿಸು ಎಂದಿದ್ದೆಯಲ್ಲ. ಎಡವಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಕ್ಷರ ದಪ್ಪಗಿದೆ, ಕನ್ನಡಕ ಹುಡುಕುವ ಗೋಜಿಲ್ಲ. ಗುಂಡಿಗಳೂ ಕೋಟಿನ ಗುಂಡಿಯಷ್ಟಿವೆ. ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು, ಗುಂಡಿಯ ವಿಷಯದಲ್ಲಿ ಯಾರನ್ನೂ ಸುಮ್ಮಸುಮ್ಮನೆ ಹೊಗಳುವವಳಲ್ಲ.

ಇನ್ನು ನನ್ನ ತಪ್ಪು. ನಿನ್ನಪ್ಪ ತೀರಿಕೊಳ್ಳುವುದಕ್ಕೆ ಒಂದು ವಾರ ಮೊದಲು ಆ ಆ್ಯಪಿನಲ್ಲಿ ನಿನಗೆಂದು ಮಾತಾಡಿಟ್ಟಿದ್ದರು. ನಿನಗೆ ತಿಳಿಸಲಿಲ್ಲ. ಕಳಿಸಿದರೆ ಅದು ನಿನ್ನ ಬಳಿ ಹೋಗಿಬಿಡುತ್ತದೆ, ನನಗೆ ಉಳಿಯುವುದಿಲ್ಲ ಎಂದುಕೊಂಡೆ. ಅಂಚೆಗೆ ಹಾಕಿದ ಕಾಗದ ಮತ್ತೆ ಕೈಗೆ ಬರುತ್ತದೆಯೇ? ನಾಲ್ಕು ತಿಂಗಳು ದಿನಾ ಕೇಳಿದೆ, ದಿನಾ ಅತ್ತೆ. ಸ್ವಾರ್ಥ, ಒಪ್ಪಿಕೊಳ್ಳುತ್ತೇನೆ.

‘ಅಪ್ಪನಿಗೆ ಕೊನೆಯವರೆಗೂ ನನ್ನ ಕೆಲಸ ಅಂದರೆ ತಾತ್ಸಾರವೇ ಇತ್ತು’ ಎಂದು ಮೊನ್ನೆ ನೀನು ಹೇಳಿದೆ. ಕಳಿಸಿಯೇ ಬಿಡೋಣ ಎಂದು ಕೂತೆ. ಅಕ್ಕಪಕ್ಕ ಎರಡು ಗುಂಡಿ: ಕಳಿಸು, ಅಳಿಸು. ಕಣ್ಣು ತುಂಬಿತ್ತು, ‘ಕ’ ಯಾವುದೋ ‘ಅ’ ಯಾವುದೋ, ಒಂದನ್ನು ಒತ್ತಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿತು. ನಾನು ಅಳುವುದು ಇದಕ್ಕೂ ಗೊತ್ತಾಯಿತಲ್ಲ ಅನ್ನಿಸಿತು. ಎಷ್ಟು ಬೇಕಾದರೂ ಅಳಿಸಲಿ, ಮಗಳಿಗೆ ತಲುಪಿದರೆ ಸಾಕು ಎಂದು ‘ಹೌದು’ ಒತ್ತಿದೆ. ಅವರ ದನಿ ಹೋಗಿಯೇ ಹೋಯಿತು. ಪಕ್ಕದ ಮನೆಯ ಮೇಷ್ಟ್ರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನು ಸಿಗುವುದಿಲ್ಲ ಎಂದರು.

ಬೈಯಬೇಕೆನ್ನಿಸಿದರೆ ಬೈದುಬಿಡು. ಆದರೆ ಆ ಎರಡು ಗುಂಡಿಗಳನ್ನು ಬಿಚ್ಚಿ ದೂರ ದೂರ ಹೊಲಿ. ಅಳಿಸು ಎಂಬ ಮಾತೇ ಬೇಡ, ‘ತೆಗೆದುಹಾಕು’ ಎಂದು ಬರೆ. ನನ್ನಂಥವರಿಗೆ ಆ ಮಾತಿಗೆ ಇನ್ನೊಂದೇ ಅರ್ಥ.

ನಿನ್ನ ತಪ್ಪುಗಾರ್ತಿ,
ಅಮ್ಮ

ತಾ.ಕ.: ಅವರ ಮಾತು ನನಗೆ ಬಾಯಿಪಾಠವಾಗಿದೆ. ಇದೋ, ಕಳಿಸುತ್ತಿದ್ದೇನೆ: “ಮಗಳೇ, ಅಕ್ಷರ ದಪ್ಪ ಮಾಡೋಕೂ ಸಂಬಳ ಕೊಡ್ತಾರಾ ಅಂತ ನಗ್ತಿದ್ದೆ. ಈಗ ಕೈ ನಡುಗುತ್ತೆ ಕಣಮ್ಮ, ಅಂಗಿ ಗುಂಡಿ ಹಾಕೋಕೂ ನಿಮ್ಮಮ್ಮನೇ ಬರ್ಬೇಕು. ನಿನ್ನ ಗುಂಡಿ ಮಾತ್ರ ನಾನೇ ಒತ್ತಿದೆ.”