ಒಂದೇ ಹೆಸರಿನ ಎರಡು ಬೂಜು

ಇಂಡಿ
೧೪ ಆಗಸ್ಟ್ ೨೦೨೫

ಪ್ರೀತಿಯ ಇರಮ,

ನಿನ್ನ ಅಮ್ಮಿಯ ದುವಾ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ನನಗೆ ಮಾತು ಏಳುವುದಿಲ್ಲ, ನಿನಗೆ ಗೊತ್ತು.

ಕಪ್ಪು ಬೂಜು ಹಿಡಿದ ನಮ್ಮೂರ ಲಿಂಬೆಹಣ್ಣು ಧಾರವಾಡದ ಲ್ಯಾಬಿಗೆ ಕಳಿಸು ಎಂದು ನೀನು ಕೇಳಿದ್ದೆ. ಆ ಬೂಜನ್ನು ಕಬ್ಬಿನ ಕಾಕಂಬಿಯಲ್ಲಿ ಬೆಳೆಸಿದರೆ ಹುಳಿ ಬಿಡುತ್ತದೆ, ಶರಬತ್ತಿನ ಕಾರ್ಖಾನೆಗಳಿಗೆ ಆ ಹುಳಿಯೇ ಬೇಕು, ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವ ಅದರ ಪ್ರೋಟೀನೇ ನನ್ನ ಓದು ಎಂದೆ. ಅರ್ಥವಾದಷ್ಟು ಅರ್ಥವಾಯಿತು. ಈ ವಾರ ಹಣ್ಣು ಬರದಿದ್ದರೆ ಕೆಲಸ ಬೇರೆಯವರ ಪಾಲು ಎಂದದ್ದು ಮಾತ್ರ ಎದೆಯಲ್ಲಿ ಕೂತಿತು.

ನಿನ್ನೆ ನಮ್ಮ ಲಿಂಬೆ ಅಂಗಡಿಗೆ ಹೋದೆ. ಹಣ್ಣು ಆರಿಸುತ್ತಿದ್ದ ಗುರವ್ವ ನಕ್ಕಳು. "ಅಕ್ಕಾರ, ಛಲೋ ಹಣ್ಣಿಗೆ ಗಿರಾಕಿ ಇಲ್ಲ, ಕೊಳತದ್ದಕ್ಕ ಧಾರವಾಡದಿಂದ ಬೇಡಿಕಿ ಬಂತೇನ್ರಿ?"

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ನಿನ್ನ ಹನೀಫ ಕಾಕಾ ನಗಲಿಲ್ಲ.

"ಭಾಬಿ, ಕೊರೊನಾದಾಗ ಕರೇ ಬೂಜು ನಮ್ಮ ಅಣ್ಣನ್ನ ತಿಂತು. ಅದನ್ನ ಅವನ ಮಗಳು ಸಾಕಾಕತ್ತಾಳ?"

"ಅದು ಬ್ಯಾರೆ, ಇದು ಬ್ಯಾರೆ ಅಂತ ಇರಮ ಹೇಳ್ಯಾಳ."

"ಹೆಸರು ಒಂದ ಐತಲ್ಲ!"

ಕೊಳೆತ ಹಣ್ಣಿನ ಬುಟ್ಟಿಯನ್ನು ತಿಪ್ಪೆಗೆ ಸುರಿಯಲು ಅವನು ಎತ್ತಿದ. ನಾನು ಇನ್ನೊಂದು ಬದಿ ಹಿಡಿದೆ. ಅವನು ಎಳೆದ, ನಾನು ಬಿಡಲಿಲ್ಲ. ಆ ಕರಿ ಹುಡಿ ನನ್ನ ಸೀರೆಯ ಮೇಲೆಲ್ಲ ಉದುರಿತು. ಒಂದು ಕೈಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡೆ, ಇನ್ನೊಂದನ್ನು ಬುಟ್ಟಿಯಿಂದ ತೆಗೆಯಲಿಲ್ಲ.

"ಸಾವ್ಕಾರ್ರ, ಬಿಡ್ರಿ," ಎಂದಳು ಗುರವ್ವ. "ಅಕ್ಕಾರಿಗೆ ನಿಮಗಿಂತ ಹೆಚ್ಚು ಅಂಜಿಕಿ ಐತಿ. ಆದ್ರೂ ಬಂದಾರ."

ಅವನು ಕೈಬಿಟ್ಟು ಮುಖ ತಿರುಗಿಸಿದ. ಸಂಜೆ ತಾನೇ ಆ ಹಣ್ಣು ತುಂಬಿದ ಡಬ್ಬಿಗೆ ಪಟ್ಟಿ ಅಂಟಿಸಿ ಧಾರವಾಡದ ಬಸ್ಸಿಗೆ ಹಾಕಿ ಬಂದ. ಅವನಿಗೊಂದು ಫೋನ್ ಮಾಡು.

ಡಬ್ಬಿ ತೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ನಗಬೇಡ, ಕಟ್ಟಿಕೋ. ಅಲ್ಲಾಹ ನಿನ್ನ ಕೈಯ ಕೆಲಸಕ್ಕೆ ಬರ್ಕತ್ ಕೊಡಲಿ, ನಿನ್ನ ಎರಡೂ ಕಣ್ಣು ತಂಪಾಗಿಡಲಿ.

ನಿನ್ನ ಅಮ್ಮಿ,
ಸಗೀರಾ

ತಾ.ಕ.: ಆಸ್ಪತ್ರೆಯಲ್ಲಿ ಒಂದು ಕಣ್ಣು ತೆಗೆದ ದಿನ ನಿನ್ನ ಅಬ್ಬಾ ನಕ್ಕಿದ್ದರು. "ಲಿಂಬಿ ಆರಸಾಕ ಒಂದ ಕಣ್ಣು ಸಾಕ ಬಿಡ" ಅಂದರು. ದಿನವೂ ಡೈರಿ ಬರೆಯುವ ನಾನು ಇದನ್ನು ಅದರಲ್ಲೂ ಬರೆದಿಲ್ಲ. ಆಮೇಲೆ ಆ ಬೂಜು ಎರಡನೆಯ ಕಣ್ಣಿಗೂ ಹಬ್ಬಿತು. ಇರಮ, ಹುಳಿ ಕೊಡುವ ಬೂಜನ್ನು ನೀನು ಓದುತ್ತಿದ್ದೀ. ಆ ಇನ್ನೊಂದನ್ನು ಯಾರಾದರೂ ಓದುತ್ತಿದ್ದಾರೇನು?