ಬೇಲಿಯಾಚೆಯ ಫಿಲೋಮಿನಾ

ಹೊಸನಗರ
೨ ಏಪ್ರಿಲ್ ೧೯೮೪

ವಂದನೀಯ ಫಾದರ್,

೧೯೭೭ರ ಜುಲೈ ಒಂಬತ್ತರಂದು ನನ್ನ ಹೆಂಡತಿ ಫಿಲೋಮಿನಾಳನ್ನು ತಾವು ಸ್ಮಶಾನದ ಬೇಲಿಯ ಹೊರಗೆ ಹೂಳಿಸಿದಿರಿ. ಮಗು ತೀರಿಕೊಂಡ ಮೇಲೆ ಅವಳು ಎರಡು ವರ್ಷ ಪೂಜೆಗೆ ಬರಲಿಲ್ಲ. ದೇವರಿಲ್ಲ ಎಂದದ್ದೂ ನಿಜ. ಆದರೆ ಕೊನೆಗಳಿಗೆಯಲ್ಲಿ ಅವಳ ಪಕ್ಕದಲ್ಲಿದ್ದ ನೆರೆಮನೆಯ ಮೂಕಮ್ಮ ಅಂದೇ ತಮಗೆ ಹೇಳಿದಳು: “ಅಮ್ಮ ಕಣ್ಬಿಟ್ಟು ‘ನನ್ನ ಪ್ರಭುವೇ, ನನ್ನ ದೇವರೇ’ ಅಂದ್ರು. ನಾನ್ಯಾಕೆ ಸುಳ್ಳು ಹೇಳ್ಲಿ ಪಾದ್ರಿಗಳೇ?”

“ನೀನು ನಮ್ಮ ಧರ್ಮದವಳಲ್ಲ, ನಿಂಗೇನು ಗೊತ್ತು? ಸುಮ್ನಿರಮ್ಮ” ಎಂದಿರಿ.

ಫಿಲೋಮಿನಾ ಅಂದದ್ದು, ಯೇಸು ಸತ್ತು ಎದ್ದುಬಂದರೆಂಬುದನ್ನು ಸಂಶಯಪಟ್ಟ ಶಿಷ್ಯ ತೋಮನು ಕೊನೆಗೆ ಯೇಸುವಿನ ಗಾಯ ಕಂಡು ಆಡಿದ ಮಾತು. ಬೈಬಲನ್ನೇ ಕಾಣದ ಮೂಕಮ್ಮ ಅದನ್ನು ಹೇಗೆ ಕಟ್ಟಿ ಹೇಳಿಯಾಳು? ದುಃಖದಲ್ಲಿ ನನಗೂ ಅಂದು ಹೊಳೆಯಲಿಲ್ಲ. ಆರು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಕಳೆದ ಈಸ್ಟರಿಗೆ ಅವಳ ಬೈಬಲ್ ತೆರೆದಾಗ ಆ ಸಾಲು ಕಂಡಿತು. ಅಂದಿನಿಂದ ತಡವರಿಸುತ್ತಲೇ ಪ್ರಾರ್ಥಿಸುತ್ತಿದ್ದೇನೆ.

ಬೇಲಿಯನ್ನು ಎಂಟು ಅಡಿ ಆಚೆ ಸರಿಸಿ. ಕಂಬ, ತಂತಿ ನಾನೇ ತರುತ್ತೇನೆ. ಈ ಭಾನುವಾರ ಮೂಕಮ್ಮನನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ. ಅವಳ ಮಾತನ್ನು ಅಂದು ಏಕೆ ನಂಬಲಿಲ್ಲವೆಂದು ಎಲ್ಲರೆದುರು ಅವಳಿಗೇ ಹೇಳಿ.

ತಮ್ಮ ಸಭೆಯವನೇ ಆದ,
ಬಲ್ತಜಾರ್ ರೆಬೆಲ್ಲೊ