ಮೊದಲು ಹಚ್ಚಿದ ಒಲೆ

ರೇಖಾ,

ಮುದ್ದೆ ಹಾಟ್‌ಬಾಕ್ಸ್‌ನಲ್ಲಿದೆ, ಸಾರು ಬಿಸಿ ಮಾಡಿಕೋ. ಬರೀ ಕಾಫಿ ಕುಡಿದುಕೊಂಡು ಬರೆಯುತ್ತಾ ಕೂರಬೇಡ. ನೀರು ಬಂದರೆ ಮೋಟರ್ ಹಾಕು.

ನೀನು ನಮ್ಮ ಬಗ್ಗೆ ಬರೆಯುತ್ತಿರುವ ಪುಸ್ತಕದ ಹಾಳೆಗಳನ್ನು ಮಂಚದ ಮೇಲೇ ಬಿಟ್ಟಿದ್ದೆ. ಓದಿದೆ. ಪಾವಗಡದಿಂದ ಗಾರೆ ಕೆಲಸಕ್ಕೆ ಬಂದ ನಮಗೆ ಆಗ ಮನೆಯೇ ಇರಲಿಲ್ಲ ಅಂತ ಬರೆದಿದ್ದೀಯ. ಅದನ್ನು ಹೊಡೆದುಹಾಕು.

ನಿಮ್ಮಪ್ಪ ಕಟ್ಟುತ್ತಿದ್ದ ಮನೆಗಳಲ್ಲೇ ನಾವು ಕಾವಲಿಗೆ ಇರುತ್ತಿದ್ದೆವು. ಬಾಗಿಲು ಕೂರಿಸುವ ಮೊದಲೇ ನಾನು ಅಲ್ಲಿ ಮೂರು ಕಲ್ಲಿಟ್ಟು ಒಲೆ ಹಚ್ಚುತ್ತಿದ್ದೆ. ನೀನು ಹುಟ್ಟಿದ್ದೂ ಜೆ.ಪಿ. ನಗರದ ಅಂಥದೊಂದು ಮನೆಯಲ್ಲಿ. ಗೃಹಪ್ರವೇಶದ ಹಿಂದಿನ ದಿನ ನಿಮ್ಮಪ್ಪ ಆ ಒಲೆ ಕಿತ್ತು, ಗೋಡೆಯ ಮಸಿಗೆ ಸುಣ್ಣ ಬಳಿದರು. "ನಾಳೆ ಓನರಮ್ಮ ಹಾಲುಕ್ಕಿಸ್ತಾರೆ ಕಣೇ, ಬೇರೆಯವ್ರು ಒಲೆ ಹಚ್ಚಿದ್ದು ಕಂಡ್ರೆ ಬೇಜಾರಾಗ್ತಾರೆ" ಅಂದರು.

ಆ ಅಮ್ಮ ಹಾಲು ಉಕ್ಕಿಸಿದ್ದು ನಿಜ. ಅದಕ್ಕೂ ಮೊದಲು ಅದೇ ಮೂಲೆಯಲ್ಲಿ ದಿನಾ ನಿನಗೆ ಹಾಲು ಕಾಯಿಸಿದವಳು ನಾನು. ಅದು ಮನೆಯಲ್ಲದೆ ಇನ್ನೇನು?

ಅಪಾರ್ಟ್‌ಮೆಂಟ್ ಕಟ್ಟುವುದಕ್ಕೆ ಈಗ ಆ ಮನೆಯನ್ನು ಒಡೆಯುತ್ತಿದ್ದಾರಂತೆ, ಆಗ ನಮ್ಮ ಜೊತೆ ಗಾರೆ ಕೆಲಸ ಮಾಡುತ್ತಿದ್ದ ಪಾರ್ವತಮ್ಮ ನೋಡಿ ಬಂದು ಹೇಳಿದಳು. ಅಲ್ಲಿಗೇ ಹೊರಟಿದ್ದೇನೆ. ಬಿಸಿಲು ಅಂತ ಫೋನ್ ಮಾಡಿ ಬೈಯಬೇಡ.

ನಿಮ್ಮಪ್ಪ ಇದ್ದಿದ್ದರೆ ಹೋಗಬೇಡ ಅನ್ನುತ್ತಿದ್ದರೇನೋ. ಅವರು ಬಳಿದ ಸುಣ್ಣ ಉದುರಿದ್ದರೆ ಒಳಗೆ ನನ್ನ ಒಲೆಯ ಮಸಿ ಇರಬೇಕು. ಸಿಕ್ಕರೆ ಗೋಡೆಯ ಒಂದು ಚೂರು ತರುತ್ತೇನೆ. ಅದನ್ನು ಎದುರಿಗಿಟ್ಟುಕೊಂಡು ಆ ಪುಟ ಮತ್ತೆ ಬರಿ.

ಅಮ್ಮ